ಬಿಡಣ್ಣಾ, ಸಾಕಣ್ಣಾ

ಫೆಬ್ರವರಿ 2, ಸೋಮವಾರ

ಹಲೋ. ಹಲೋ ಅಂತ ಯಾರಿಗೆ ಹೇಳ್ತಿದೀನೋ, ಆ ಕಡೆ ಯಾರೂ ಇಲ್ಲ. ಕೆಂಪು ಚುಕ್ಕೆ ಮಿಟುಕ್ತಾ ಇದ್ರೆ ಮಾತು ಒಳಗೆ ಹೋಗ್ತಿದೆ ಅಂತ ಅರ್ಥ ಅಂತ ಮಗಳು ಹೇಳ್ಕೊಟ್ಟಿದಾಳೆ. ಮಿಟುಕ್ತಾ ಇದೆ. ಸರಿ.

ಪ್ರಶ್ನೆ ಒಂದು. ಬಾಯ್ಲರ್ ಅಂದರೇನು? ಎರಡು ವಾಕ್ಯದಲ್ಲಿ ಹೇಳಿ.

ಬಾಯ್ಲರ್ ಅಂದ್ರೆ, ನೋಡಿ, ನಾನು ಈ ಲಾಂಡ್ರಿಗೆ ಸೇರ್ಕೊಂಡಾಗ ನನ್ನ ತಲೇಲಿ ಕೂದಲಿತ್ತು. ಆಸ್ಪತ್ರೆ ಬೆಡ್‌ಶೀಟು, ಹೋಟೆಲ್ ಟವೆಲು, ಎಲ್ಲಾ ಮೂಟೆ ಮೂಟೆ ನಮ್ಮಲ್ಲಿಗೇ ಬರೋದು. ಒಗೆಯೋ ಮಷೀನ್ ನೋಡ್ಕೊಳ್ಳೋಕೆ ಅಂತ ನನ್ನ ತಗೊಂಡಿದ್ರು. ಮೊದಲನೇ ವಾರಾನೇ ಇಸ್ತ್ರಿ ರೋಲರ್ ಹತ್ರ ನಿಂತಿದ್ದ ಹೆಂಗಸರ ಜೊತೆ ಮಾತಿಗೆ ನಿಂತೆ, ಎರಡು ಶೀಟು ರೋಲರಿಗೆ ಸಿಕ್ಕೊಂಡು ಹರಿದ್ವು. ಇವನನ್ನ ಹಿಂದಗಡೆ ಬಾಯ್ಲರ್ ಮನೆಗೆ ಹಾಕಿ, ಆ ಸದ್ದಲ್ಲಿ ಯಾರಿಗೂ ಇವನ ಮಾತು ಕೇಳ್ಸಲ್ಲ, ಬಡ್ಕೊಂಡಿರ್ಲಿ ಅಂದ್ರು ಆಗಿನ ಮ್ಯಾನೇಜರು. ಹಂಗೆ ಹೋದೋನು ಇವತ್ತಿನವರೆಗೂ ಅಲ್ಲೇ ಬಡ್ಕೊಂಡಿದೀನಿ.

ಬಾಯ್ಲರ್ ಅಂದರೇನು ಅನ್ನೋದು ಇನ್ನೂ ಬಂದಿಲ್ಲ, ಅಲ್ವಾ. ಎರಡು ವಾಕ್ಯ ಯಾವಾಗ್ಲೋ ಮುಗಿದು ಹೋಯ್ತು.

ಈ ರೆಕಾರ್ಡಿಂಗು ನಮ್ಮ ಸಂಜೆ ಕ್ಲಾಸಿನ ಟೀಚರಮ್ಮನ ಐಡಿಯಾ. ನಿಮಗೆ ವಿಷಯ ಗೊತ್ತು, ಆದ್ರೆ ಕೇಳಿದ್ದಕ್ಕೆ ಉತ್ತರ ಬರಲ್ಲ, ಉತ್ತರಾನ ಫೋನಲ್ಲಿ ಹೇಳಿ ನೀವೇ ಕೇಳಿಸ್ಕೊಳ್ಳಿ ಅಂದ್ರು. ಮಗಳಿಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ಮೊದಲನೇ ದಿನಾನೇ ನನ್ನ ಕಾಯಿಲೆ ಹಿಡಿದುಬಿಟ್ರು.

ಈ ವಯಸ್ಸಲ್ಲಿ ಕ್ಲಾಸ್ ಯಾಕೆ ಅಂದ್ರೆ, ನಮ್ಮ ಬಾಯ್ಲರ್ ಮನೇಲಿ ಇರೋದು ಇಬ್ರು. ಸರ್ಟಿಫಿಕೇಟ್ ಇರೋನು ದೊಡ್ಡಣ್ಣ. ನನ್ನ ಒಡಹುಟ್ಟಿದೋನೇನಲ್ಲ, ಇಡೀ ಲಾಂಡ್ರೀನೇ ಅವನನ್ನ ಹಂಗೆ ಕರೆಯುತ್ತೆ. ನಾನು ಅವನ ಹೆಲ್ಪರ್. ಏಪ್ರಿಲ್ ಕೊನೆಗೆ ಅವನು ರಿಟೈರ್. ಸರ್ಟಿಫಿಕೇಟ್ ಇಲ್ದೋರ ಕೈಗೆ ಬಾಯ್ಲರ್ ಕೊಡೋ ಹಾಗಿಲ್ಲ. ಮ್ಯಾನೇಜರ್ ಮೇಡಂ ಕರೆದು ಕೂರಿಸಿ ಹೇಳಿದ್ರು, ಡಿಪ್ಲೊಮಾ ಮಾಡಿರೋರ ಅರ್ಜಿ ಬಂದಿವೆ, ಆದ್ರೂ ಕೆಲಸದ ಅನುಭವದ ಮೇಲೇನೇ ಪರೀಕ್ಷೆ ಕೊಡೋಕೆ ಒಂದು ದಾರಿ ಇದೆ, ಕಾಲೇಜು ಬೇಕಾಗಿಲ್ಲ, ಪಾಸಾದ್ರೆ ಬಾಯ್ಲರ್ ಮನೆ ನಿಮ್ದು. ಆಗಲಿಲ್ಲ ಅಂದ್ರೆ ಅಂದೆ. ಆಗಲಿಲ್ಲ ಅಂದ್ರೆ ಹೊಸಬರು ಬರ್ತಾರೆ, ಅವರ ಹೆಲ್ಪರ್ ಅವರೇ ಕರ್ಕೊಂಡು ಬರ್ತಾರೆ, ನೀವು ಗಾಡಿ ತಳ್ಳೋ ಕಡೆಗೆ ಅಂದ್ರು. ಒದ್ದೆ ಬಟ್ಟೆ ಗಾಡಿ. ಐವತ್ತು ವರ್ಷದ ಸೊಂಟಕ್ಕೆ.

ಕಾಲೇಜಿಗೂ ನನಗೂ ಇರೋ ಸಂಬಂಧ ಅಂದ್ರೆ ಒಂದೇ, ಅದರ ಹಾಸ್ಟೆಲಿನ ಹೊದಿಕೆ ನಮ್ಮಲ್ಲಿ ಒಗೀತಾರೆ. ಆದ್ರೂ ಮೇಡಂ ಮುಂದೆ ಎದೆ ಉಬ್ಬಿಸಿ, ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ರೂ ನಾನು ಬಾಯ್ಲರ್ ನಡೆಸ್ತೀನಿ ಅಂದುಬಂದೆ. ಪರೀಕ್ಷೇಲಿ ಯಾರೂ ಕಣ್ಣಿಗೆ ಬಟ್ಟೆ ಕಟ್ಟಲ್ವಂತೆ.

ಫೆಬ್ರವರಿ 10, ಮಂಗಳವಾರ

ಪ್ರಶ್ನೆ: ಬಾಯ್ಲರಿನ ತಳದ ನೀರನ್ನು ಹೊರಗೆ ಬಿಡುವುದು ಯಾಕೆ?

ಇದು ನನಗೆ ಚೆನ್ನಾಗಿ ಗೊತ್ತು. ನೀರು ಕಾದೂ ಕಾದೂ ತಳದಲ್ಲಿ ಕೆಸರು ಕಟ್ಟುತ್ತೆ, ಅದನ್ನ ದಿನಾ ಸ್ವಲ್ಪ ಹೊರಗೆ ಬಿಡಬೇಕು. ಆಹಾ, ಒಂದೇ ವಾಕ್ಯ. ಇಲ್ಲಿಗೆ ನಿಲ್ಸಿದ್ರೆ ಜಾಣ ಅನ್ನಿಸ್ಕೋತಿದ್ದೆ.

ಕ್ಲಾಸಲ್ಲಿ ನಿಲ್ಲಿಸ್ಲಿಲ್ಲ. ಅದು ಹಗಲು ಚಿಕ್ಕ ಮಕ್ಕಳ ಶಾಲೆ, ಸಂಜೆ ನಮ್ಮಂಥ ದೊಡ್ಡ ಮಕ್ಕಳಿಗೆ. ಬೆಂಚು ಎಷ್ಟು ಸಣ್ಣದು ಅಂದ್ರೆ ಮೊಣಕಾಲು ಗಲ್ಲಕ್ಕೆ ಬರುತ್ತೆ. ಟೀಚರಮ್ಮ ಇದನ್ನ ದಿನಾ ಮಾಡೋರು ಯಾರು ಅಂತ ಕೇಳಿದ್ದೇ ತಡ, ನಾನು ಎದ್ದೆ. ಬೆಂಚೂ ನನ್ನ ಜೊತೆ ಎದ್ದಿತು.

ನಮ್ಮಲ್ಲಿ ಹೆಂಗೆ ಅಂತ ವಿವರಿಸ್ದೆ. ನೀರಿನ ಮಟ್ಟ ತೋರ್ಸೋ ಗಾಜಿನ ಕೊಳವೆ ಬಾಯ್ಲರಿನ ಮುಂದಗಡೆ ಇದೆ. ಕೆಸರು ಬಿಡೋ ವಾಲ್ವ್ ಹಿಂದಗಡೆ, ಗೋಡೆ ಸಂದೀಲಿ. ಅಲ್ಲಿ ನಿಂತೋನಿಗೆ ಗಾಜು ಕಾಣಲ್ಲ. ಅದಕ್ಕೆ ನಾನು ಗಾಜಿನ ಮುಂದೆ ನಿಂತು ಬಿಡಣ್ಣಾ ಅಂತ ಕೂಗ್ತೀನಿ, ದೊಡ್ಡಣ್ಣ ಹಿಂದೆ ವಾಲ್ವ್ ತೆಗೀತಾನೆ, ಗಾಜಲ್ಲಿ ನೀರು ಇಳಿಯುತ್ತೆ, ಸಾಕಣ್ಣಾ ಅಂತೀನಿ, ಮುಚ್ತಾನೆ. ಅವನಿಗೆ ಕಿವಿ ಮಂದ, ಇಷ್ಟು ವರ್ಷ ಆ ಸದ್ದಲ್ಲಿದ್ದು ಇದ್ದು ಹೋಗಿದೆ ಪಾಪ, ಅದಕ್ಕೆ ಜೋರಾಗಿ ಕೂಗಬೇಕು ಅಂತ ಕೂಗಿಯೂ ತೋರ್ಸಿದೆ. ಪಕ್ಕದ ರೂಮಿನ ಹೊಲಿಗೆ ಕ್ಲಾಸಿನವರು ಬಾಗಿಲಿಗೆ ಬಂದು ಇಣುಕಿದ್ರು.

ಎಲ್ಲ ನಕ್ಕರು. ಚೆನ್ನಾಗಿತ್ತು. ಟೀಚರಮ್ಮ ಮಾತ್ರ ನಗಲಿಲ್ಲ, ಸರಿ, ಹಾಗಾದ್ರೆ ಆ ವಾಲ್ವ್ ಬಗ್ಗೆ ಹೇಳಿ ಅಂದ್ರು. ಹಿಂದಗಡೆ ಇದೆ ಅಂದೆ. ಅದು ಗೊತ್ತಾಯ್ತು, ಇನ್ನೇನಾದ್ರೂ ಅಂದ್ರು. ಬಿಸಿ ಇರುತ್ತೆ ಅಂದೆ.

ಫೆಬ್ರವರಿ 15, ಭಾನುವಾರ

ಇಷ್ಟು ದಿನದ್ದು ಇವತ್ತು ಕೂತು ಕೇಳ್ದೆ. ಯಾರಪ್ಪಾ ಇವನು, ಬಾಯಿಗೆ ಬಾಗಿಲೇ ಇಲ್ವಲ್ಲ ಅನ್ನಿಸ್ತು. ಮದುವೆ ಮನೇಲಿ ಪಕ್ಕದಲ್ಲಿ ಕೂತಿದ್ರೆ ಜಾಗ ಬದಲಾಯಿಸ್ತಿದ್ದೆ. ದನಿಯೂ ಅಷ್ಟೆ, ಒಳಗಿಂದ ಕೇಳಿದಾಗ ಗಂಭೀರವಾಗಿರುತ್ತೆ, ಫೋನಲ್ಲಿ ಹಳೇ ಬಾಗಿಲು ಕಿರುಗುಟ್ಟಿದ ಹಾಗೆ.

ಇನ್ನೊಂದು ವಿಷಯ. ಗುರುವಾರ ಮನೇಲೇ ಕೂತು ರೆಕಾರ್ಡ್ ಮಾಡಿದ್ದೆ. ಸುರಕ್ಷತಾ ವಾಲ್ವ್ ಬಗ್ಗೆ ಭಾಷಣ ಹೊಡೀತಾ ಇದೀನಿ, ಹಿಂದಗಡೆ ನಮ್ಮನೆಯವಳ ದನಿ ಕೇಳುತ್ತೆ. ರೀ, ಸ್ವಲ್ಪ ಸೂಜಿಗೆ ದಾರ ಪೋಣಿಸಿಕೊಡ್ತೀರಾ ಅಂತ. ನಾನು ಸುರಕ್ಷತಾ ವಾಲ್ವ್ ಅಂತಿದೀನಿ. ಮತ್ತೆ, ರೀ. ನಾನು ಒತ್ತಡ ಜಾಸ್ತಿ ಆದಾಗ ಅಂತಿದೀನಿ. ಮೂರನೇ ಸಲ ಕರೆದು ಅವಳು ಬಿಟ್ಟುಬಿಟ್ಟಿದಾಳೆ. ಆಮೇಲೆ ಹೊಲಿಗೆ ಮಷೀನ್ ಸದ್ದೇ ಇಲ್ಲ.

ಅವಳು ಮನೇಲೇ ಬಟ್ಟೆ ಹೊಲಿಯೋದು, ಉದ್ದ ಗಿಡ್ಡ ಮಾಡಿಕೊಡೋದು. ದಾರ ಪೋಣಿಸೋಕೆ ಅವಳಿಗೆ ಯಾವತ್ತೂ ಯಾರೂ ಬೇಕಾಗಿರಲಿಲ್ಲ. ಹೋಗಿ ಕೇಳ್ದೆ. ಹೊಸ ವರ್ಷಕ್ಕೂ ಮುಂಚಿಂದ ಹತ್ರದ್ದು ಮಂಜು ಮಂಜು, ನಿಮಗೆ ಎರಡು ಸಲ ಹೇಳಿದೀನಿ ಅಂದ್ಲು. ಮಗಳು ಕೆಲಸ ಮಾಡೋದೇ ಕನ್ನಡಕದ ಅಂಗಡೀಲಿ. ಅವಳಿಗೂ ಹೇಳಿಲ್ಲ ಯಾಕೆ ಅಂದೆ. ನಿಮಗೆ ಹೇಳಿದ್ದೆ, ನೀವು ಊರಿಗೆಲ್ಲ ಹೇಳ್ತೀರಲ್ಲ, ಅವಳಿಗೂ ಹೇಳಿರ್ತೀರ ಅಂದ್ಕೊಂಡೆ ಅಂದ್ಲು.

ದಾರ ಪೋಣಿಸಿಕೊಟ್ಟೆ. ಒಂದಲ್ಲ, ಹತ್ತು ಸೂಜಿಗೆ. ಅವಳು ಎಲ್ಲಾ ಕಪ್ಪು ದಾರ ಹಾಕಿಟ್ಟಿದೀರಲ್ಲ, ಹೊಲಿಯೋಕಿರೋದು ಬಿಳಿ ಅಂದ್ಲು.

ಫೆಬ್ರವರಿ 27, ಶುಕ್ರವಾರ

ನಾಳೆ ಪರೀಕ್ಷೆ. ಬಾಯ್ಮಾತಿನದು ಅರ್ಧ, ಕೈಕೆಲಸದ್ದು ಅರ್ಧ. ಬಾಯ್ಮಾತಿನದರ ಬಗ್ಗೆ ಭಯ ಇತ್ತು, ಈಗ ಎರಡು ವಾಕ್ಯದ ಉತ್ತರಾನ ನಾಲ್ಕಕ್ಕೆ ಇಳಿಸಿದೀನಿ. ಕೈಕೆಲಸಕ್ಕೆ ಏನು ತಯಾರಿ ಮಾಡೋದು, ದಿನಾ ಮಾಡೋದೇ. ಉಸಿರಾಡೋಕೆ ಯಾರಾದ್ರೂ ಪ್ರಾಕ್ಟೀಸ್ ಮಾಡ್ತಾರಾ?

ದೊಡ್ಡಣ್ಣನಿಗೆ ಕಿವಿಯಲ್ಲಿ ಕೂಗಿ ಹೇಳ್ದೆ, ನಾಳೆ ರಜ, ಪರೀಕ್ಷೆ ಅಂತ. ಅವನು ಎಂದಿನಂತೆ ತಲೆ ಆಡಿಸ್ದ. ಅವನ ಮನಸ್ಸಲ್ಲಿ ಏನಿದೆಯೋ ಆ ಬಾಯ್ಲರಿಗೇ ಗೊತ್ತು.

ಫೆಬ್ರವರಿ 28, ಶನಿವಾರ

ಇವತ್ತು ಬೇಡ.

ಮಾರ್ಚ್ 3, ಮಂಗಳವಾರ

ಹೇಳಿಬಿಡ್ತೀನಿ. ಫೋನಿಗೆ ತಾನೇ.

ಪರೀಕ್ಷೆ ಇದ್ದಿದ್ದು ತರಬೇತಿ ಕೇಂದ್ರದ ಬಾಯ್ಲರಲ್ಲಿ. ನಮ್ಮದರ ಅರ್ಧ ಇಲ್ಲ, ಗೊಂಬೆ ಥರ, ಬಣ್ಣ ಹೊಡೆದು ಥಳಥಳ ಅಂತ ಇತ್ತು. ಪರೀಕ್ಷೆ ಮಾಡೋರು ಸಣ್ಣಗೆ, ನೀಟಾಗಿ, ಕೈಯಲ್ಲಿ ಹಾಳೆ ಸಿಕ್ಕಿಸಿದ ಒಂದು ಹಲಗೆ ಹಿಡ್ಕೊಂಡು ನಿಂತಿದ್ರು. ಬೆಳಗ್ಗೆ ಬಂದು ಬಾಯ್ಲರ್ ಶುರು ಮಾಡೋ ಹಾಗೆ ಎಲ್ಲ ಮಾಡಿ ತೋರ್ಸಿ, ಆಚೆ ಇನ್ನೂ ಜನ ಕಾಯ್ತಿದಾರೆ, ಮಾತಾಡಬೇಡಿ ಅಂದ್ರು.

ನೀರು ನೋಡ್ದೆ. ಪಂಪ್ ನೋಡ್ದೆ. ಒಳಗಿನ ಗಾಳಿ ಹೊರಗೆ ಹಾಕಿ ಬೆಂಕಿ ಹಚ್ಚಿದೆ. ಬಾಯಿ ಮುಚ್ಕೊಂಡಿರೋದಕ್ಕೇ ಬೆವರು ಬಂತೇ ಹೊರತು ಬೆಂಕಿಗಲ್ಲ. ಒತ್ತಡ ಏರ್ತು. ಈಗ ಕೆಸರು ನೀರು ಬಿಡಬೇಕು.

ಗಾಜಿನ ಮುಂದೆ ಹೋಗಿ ನಿಂತೆ. ಕಾಲು ಅಗಲ ಮಾಡಿ, ಕೈ ಸೊಂಟದ ಮೇಲಿಟ್ಟು, ದಿನಾ ನಿಲ್ಲೋ ಹಾಗೆ. ಬಿಡಣ್ಣಾ ಅಂತ ಕೂಗ್ದೆ.

ನೀರು ಇಳೀಲಿಲ್ಲ.

ನನಗೆ ಸಿಟ್ಟು ಬಂತು. ಇದನ್ನ ಹೇಳೋಕೇ ನಾಚಿಕೆ ಆಗುತ್ತೆ. ನಿಜವಾಗ್ಲೂ ಸಿಟ್ಟು ಬಂತು, ದೊಡ್ಡಣ್ಣ ಇವತ್ತೇ ಹಿಂಗೆ ಮಾಡ್ತಾನಲ್ಲ ಅಂತ. ಇನ್ನೂ ಜೋರಾಗಿ ಬಿಡಣ್ಣಾ ಅಂದೆ. ಆಚೆ ಬೆಂಚಲ್ಲಿ ಕೂತಿದ್ದೋರೆಲ್ಲ ಎದ್ದು ನಿಂತ್ರು. ಪರೀಕ್ಷೆ ಮಾಡೋರು ಹಲಗೆ ಕೆಳಗಿಳಿಸಿ, ನನ್ನ ಹಿಂದೆ ನೋಡಿದ್ರು, ಬಾಯ್ಲರ್ ಹಿಂದೆ ನೋಡಿದ್ರು, ಮೇಲೆ ನೋಡಿದ್ರು.

"ಯಾರಿಗೆ ಹೇಳ್ತಿದೀರಿ?" ಅಂದ್ರು.

ಆಗ ಗೊತ್ತಾಯ್ತು. ಹಿಂದಗಡೆಗೆ ಓಡ್ದೆ. ಅಲ್ಲಿ ನೋಡಿದ್ರೆ ವಾಲ್ವ್ ಒಂದಲ್ಲ, ಎರಡಿವೆ, ಒಂದರ ಹಿಂದೆ ಒಂದು. ಮೊದಲು ಯಾವುದು ತೆಗೀಬೇಕು? ನಮ್ಮಲ್ಲೂ ಎರಡು ಇರಬೇಕಲ್ಲ, ನಾನು ನೋಡೇ ಇಲ್ಲ. ಅರ್ಧ ಆಯಸ್ಸು ಆ ಬಾಯ್ಲರ್ ಜೊತೆ ಕಳೆದಿದೀನಿ, ಅದರ ಬೆನ್ನು ನೋಡಿಲ್ಲ. ಕೈಗೆ ಸಿಕ್ಕಿದ್ದು ತಿರುಗಿಸೋಕೆ ಹೋದೆ, ಅವರು ಕೈ ಹಿಡ್ಕೊಂಡ್ರು. ಸಾಕು ಅಂದ್ರು. ನಾನು ಕೂಗಬೇಕಾದ ಮಾತನ್ನ ಅವರು ಮೆಲ್ಲಗೆ ಹೇಳಿದ್ರು.

ಮನೇಲಿ ಹೇಳಿದಾಗ ಮಗಳು ನಗು ತಡ್ಕೊಳ್ಳೋಕೆ ಅಡುಗೆಮನೆಗೆ ಹೋದ್ಲು. ನಮ್ಮನೆಯವಳು ನಗಲೂ ಇಲ್ಲ, ಸಮಾಧಾನಾನೂ ಹೇಳ್ಲಿಲ್ಲ. ಇಲ್ಲೂ ಅದೇ ತಾನೇ, ನೀವು ಬಚ್ಚಲಿಂದ ಟವೆಲ್ ಅಂತ ಕೂಗ್ತೀರಿ, ಟವೆಲ್ ಬರುತ್ತೆ, ಅದು ಎಲ್ಲಿರುತ್ತೆ ಅಂತ ಗೊತ್ತಾ ನಿಮಗೆ ಅಂದ್ಲು.

ಎಲ್ಲಿರುತ್ತೆ?

ಇನ್ನೊಂದೇ ಅವಕಾಶ ಇದೆಯಂತೆ, ಏಪ್ರಿಲಲ್ಲಿ. ಮೇಡಂ ಏನೂ ಬೈಲಿಲ್ಲ. ಡಿಪ್ಲೊಮಾದವರಿಗೆ ಇನ್ನೂ ಬೇಡ ಅಂತ ಹೇಳಿಲ್ಲ ನಾನು ಅಂದ್ರು ಅಷ್ಟೆ.

ಮಾರ್ಚ್ 8, ಭಾನುವಾರ

ಭಾನುವಾರ ಬಾಯ್ಲರ್ ತಣ್ಣಗಿರುತ್ತೆ. ಆದ್ರೂ ದೊಡ್ಡಣ್ಣ ಬಂದು ಒಂದು ಸುತ್ತು ಒರೆಸಿ ಹೋಗ್ತಾನೆ ಅಂತ ಗೊತ್ತಿತ್ತು. ನಾನೂ ಹೋದೆ. ಅವನ ಕಿವಿ ಹತ್ರ ಬಾಯಿಟ್ಟು, ಅಣ್ಣಾ, ಹಿಂದಿನ ಕೆಲಸ ನನಗೆ ಕಲಿಸು ಅಂದೆ.

ಅವನು ಬಟ್ಟೆ ಹಿಂಡಿ, ಮಡಚಿ, ಪೈಪಿನ ಮೇಲೆ ಹಾಕ್ದ. ಅವನಿಗೆ ಆತುರ ಅನ್ನೋದೇ ಇಲ್ಲ.

"ನನ್ನ ಅರ್ಧಾನೂ ನೀನೇ ತಗೊಂಡ್ರೆ, ಹೋಗೋ ತನಕ ನಾನಿಲ್ಲಿ ಏನ್ಮಾಡ್ಲಿ?" ಅಂದ.

ಇಷ್ಟು ವರ್ಷದಲ್ಲಿ ಅವನು ನನ್ನ ಜೊತೆ ಆಡಿದ ಅತಿ ಉದ್ದದ ಮಾತು ಅದು. ಏನಾದ್ರೂ ಹೇಳಬೇಕಲ್ಲ ಅಂತ, ನನ್ನ ಮಾತು ಕೇಳ್ಕೊಂಡು ಕೂತಿರು ಅಂದೆ.

"ಅದಕ್ಕಿಂತ ಕಲಿಸೋದೇ ವಾಸಿ" ಅಂದ.

ಗೋಡೆ ಸಂದೀಗೆ ನುಗ್ಗಿದ್ವಿ. ಅವನು ಸಣ್ಣ ಆಳು, ಹೋಗ್ಬಿಟ್ಟ. ನನ್ನ ಹೊಟ್ಟೆ ಒಳಗೆ ಹೋಗೋಕೆ ಬೇರೆಯಾಗೇ ಅನುಮತಿ ಕೇಳ್ತು. ಎರಡು ವಾಲ್ವ್ ಇವೆ. ಇದ್ವು, ಯಾವಾಗ್ಲೂ. ಬಾಯ್ಲರಿಗೆ ಹತ್ರ ಇರೋದನ್ನ ಮೊದಲು ತೆಗಿ, ಕೊನೇಲಿ ಮುಚ್ಚು ಅಂದ. ಯಾಕೆ ಅಂದೆ. ಹೊರಗಿನದು ಸವೆದ್ರೆ ಬದಲಾಯಿಸಬಹುದು, ಒಳಗಿನದು ಕೆಟ್ರೆ ಬಾಯ್ಲರೇ ನಿಲ್ಲಿಸಬೇಕು, ಅದಕ್ಕೆ ಪೆಟ್ಟೆಲ್ಲ ಹೊರಗಿನದು ತಿನ್ನಬೇಕು ಅಂದ. ಅಷ್ಟೆ. ಎರಡು ವಾಕ್ಯ. ಟೀಚರಮ್ಮ ಕೇಳಿದ್ರೆ ಕುಣಿದಾಡ್ತಿದ್ರು.

ಮಾರ್ಚ್ 16, ಸೋಮವಾರ

ಈ ವಾರದಿಂದ ಬೆಳಗ್ಗೆ ಜಾಗ ಬದಲಾಯಿಸಿದೀವಿ. ದೊಡ್ಡಣ್ಣ ಮುಂದೆ ಗಾಜಿನ ಹತ್ರ, ನಾನು ಹಿಂದೆ.

ಅಲ್ಲಿ ಏನೂ ಕಾಣಲ್ಲ. ಗೋಡೆ, ಪೈಪು, ನಿನ್ನದೇ ಕೈ. ವಾಲ್ವ್ ತೆಗೆದ ತಕ್ಷಣ ಚಕ್ರ ಕೈಯಲ್ಲಿ ಅದುರುತ್ತೆ, ಒಳಗಿಂದ ಯಾರೋ ಎಳೀತಿರೋ ಹಾಗೆ, ಕಾಲಡಿ ನೆಲ ಗುಡುಗುತ್ತೆ. ಎಷ್ಟು ನೀರು ಹೋಯ್ತು, ಇನ್ನೆಷ್ಟು ಉಳಿದಿದೆ, ಗೊತ್ತಾಗಲ್ಲ. ಜಾಸ್ತಿ ಹೋದ್ರೆ ಒಳಗಿನ ಕೊಳವೆ ಸುಟ್ಟು ಹೋಗುತ್ತೆ. ಆ ಕಡೆಯಿಂದ ಒಂದು ಮಾತು ಬಂದ್ರೆ ಉಂಟು, ಇಲ್ಲ ಅಂದ್ರೆ ಇಲ್ಲ.

ದೊಡ್ಡಣ್ಣ ಕೂಗ್ಲೇ ಇಲ್ಲ. ನನ್ನ ಜೀವ ಬಾಯಿಗೆ ಬಂತು. ನಾನೇ ಮುಚ್ಚಿ, ಓಡಿ ಬಂದು ನೋಡಿದ್ರೆ ಗಾಜಲ್ಲಿ ನೀರು ಸರಿಯಾಗೇ ಇದೆ. ಅವನು ಸುಮ್ನೆ ನಿಂತಿದಾನೆ. ಯಾಕೆ ಸಾಕು ಅನ್ಲಿಲ್ಲ ಅಂತ ಕೂಗಾಡ್ದೆ. ಇನ್ನೂ ಸಾಕಾಗಿರ್ಲಿಲ್ಲ ಅಂದ.

ಆಮೇಲೆ ಕೂತಾಗ ಕೇಳ್ದೆ, ನಿನಗೆ ಅಲ್ಲಿ ಭಯ ಆಗ್ತಿರ್ಲಿಲ್ವಾ ಅಂತ. ಕೂಗಿ ಅಲ್ಲ, ನನಗೇ ಅಂದ್ಕೊಂಡ ಹಾಗೆ, ಮೆಲ್ಲಗೆ.

"ನೀನು ಮಾತಾಡ್ತಿದ್ಯಲ್ಲ" ಅಂದ. ಆಮೇಲೆ, "ಕೆಲವು ಸಲ ನೀನು ನಡುವೆ ಬೇರೆ ಕಥೆ ಶುರು ಮಾಡ್ತಿದ್ದೆ. ಅವತ್ತು ನಾನೇ ಅಂದಾಜಲ್ಲಿ ಮುಚ್ತಿದ್ದೆ."

ನಿನಗೆ ಕಿವಿ ಕೇಳ್ಸುತ್ತಾ ಅಂದೆ.

ಕೇಳ್ಸುತ್ತೆ ಅಂದ. ಯಾವಾಗ್ಲೂ ಕೇಳ್ಸುತ್ತೆ. ಸೇರಿದ ಹೊಸದರಲ್ಲಿ ಒಂದೆರಡು ಸಲ ನನಗೆ ಉತ್ತರ ಕೊಟ್ಟು ನೋಡಿದ್ನಂತೆ, ಒಂದು ಮಾತಿಗೆ ನಾನು ಹತ್ತು ಮಾತು ಹಿಂತಿರುಗಿ ಕೊಟ್ನಂತೆ. ಸುಮ್ನಿದ್ದ. ಅವನು ಕಿವುಡ ಅಂತ ನಾನೇ ಊರೆಲ್ಲ ಹೇಳ್ಕೊಂಡು ಬಂದೆ. ಅದೂ ಒಳ್ಳೇದೇ ಆಯ್ತು, ಬೇರೆಯವರೂ ತಲೆ ತಿನ್ನಲಿಲ್ಲ ಅಂದ.

ಇಷ್ಟು ವರ್ಷ ಅವನ ಕಿವಿಯಲ್ಲಿ ಬಾಯಿಟ್ಟು ನಾನು ಹೇಳಿದ ಒಂದೊಂದೂ ನೆನಪಾಗ್ತಿದೆ. ಅವನ ಮುಂದೇನೇ ಅವನ ಬಗ್ಗೆ ಬೇರೆಯವರಿಗೆ ಹೇಳಿದ್ದೂ ನೆನಪಾಗ್ತಿದೆ. ಇವತ್ತು ಇಷ್ಟು ಸಾಕು.

ಮಾರ್ಚ್ 26, ಗುರುವಾರ

ನಮ್ಮನೆಯವಳಿಗೆ ಕನ್ನಡಕ ಬಂತು. ಮಗಳೇ ಗಾಜು ಕೂರಿಸಿದ್ದಂತೆ, ಅಂಗಡೀಲೇ ನೋಡಿ ನೋಡಿ ಕಲಿತಿದಾಳೆ. ನಾನು ಯಾವಾಗ ಕಲಿತೆ ಅಂದೆ. ಹೋದ ವರ್ಷ ಅಪ್ಪ, ಹೇಳಿದ್ದೆ ಅಂದ್ಲು.

ಹೆಂಗೆ ಕೂರಿಸ್ತಾರೆ ಅಂತ ಕೇಳ್ದೆ. ಊಟ ಮುಗಿಯೋವರೆಗೂ ಹೇಳಿದ್ಲು. ಗಾಜಿನ ಅಂಚು ಉಜ್ಜುವಾಗ ಕೈ ಎಷ್ಟು ಒತ್ತಬೇಕು ಅನ್ನೋದು ಯಾವ ಪಾಠದಲ್ಲೂ ಇಲ್ವಂತೆ. ಇವಳು ಇಷ್ಟು ಮಾತಾಡ್ತಾಳೆ ಅಂತ ಗೊತ್ತಿರ್ಲಿಲ್ಲ. ನನ್ನ ಥರಾನೇ ಆಗಿಬಿಟ್ಟಿದಾಳೆ ಪಾಪ.

ಟವೆಲು ಬಚ್ಚಲ ಬಾಗಿಲಿನ ಹಿಂದಿನ ಮೊಳೇಲಿ ಇರುತ್ತೆ.

ಏಪ್ರಿಲ್ 11, ಶನಿವಾರ

ಅದೇ ಬಾಯ್ಲರ್, ಅದೇ ಹಲಗೆಯವರು. ನನ್ನನ್ನ ನೋಡಿದ ಕೂಡಲೇ ಅವರ ಮೀಸೆ ಸ್ವಲ್ಪ ಅಲುಗಾಡ್ತು. ಇವತ್ತು ಒಬ್ರೇ ಬಂದಿದೀರಾ ಅಂದ್ರು. ಹೂಂ ಅಂದೆ.

ಮಾಡ್ದೆ. ಕೆಸರು ಬಿಡೋಕೆ ಬಂದಾಗ ತುಟಿ ತಾನಾಗೇ ಬಿಡಣ್ಣಾ ಅಂತ ಅಲ್ಲಾಡ್ತು, ಸದ್ದು ಬರ್ಲಿಲ್ಲ. ಹಿಂದಕ್ಕೆ ಹೋದೆ. ಒಳಗಿನದು ತೆಗೆದೆ, ಹೊರಗಿನದು ತೆಗೆದೆ, ಕತ್ತು ಚಾಚಿದ್ರೆ ಅಲ್ಲಿಂದ ಗಾಜು ಕಾಣುತ್ತೆ. ಹೊರಗಿನದು ಮುಚ್ಚಿದೆ, ಒಳಗಿನದು ಮುಚ್ಚಿದೆ.

ಬಾಯ್ಮಾತಿನದರಲ್ಲಿ, ಗಾಜಲ್ಲಿ ನೀರೇ ಕಾಣ್ತಿಲ್ಲ, ಮೊದಲು ಏನ್ಮಾಡ್ತೀರಿ ಅಂತ ಕೇಳಿದ್ರು. ಬೆಂಕಿ ಆರಿಸ್ತೀನಿ ಅಂದೆ. ಆಮೇಲೆ ಅಂದ್ರು. ತಣ್ಣಗಾಗೋವರೆಗೂ ನೀರು ಹಾಕಲ್ಲ ಅಂದೆ. ಅವರು ಇನ್ನೂ ಏನೋ ಬರುತ್ತೆ ಅಂತ ಪೆನ್ನು ಎತ್ತಿ ಕಾದ್ರು. ಬರ್ಲಿಲ್ಲ.

ಇನ್ನೊಂದು ಯಾವುದೋ ನೀರಿನ ಗಡಸುತನದ ಲೆಕ್ಕ ಕೇಳಿದ್ರು. ಗೊತ್ತಿಲ್ಲ ಅಂದೆ. ಎಷ್ಟು ಬೇಗ ಮುಗಿಯುತ್ತೆ ಹಂಗಂದ್ರೆ, ಮೊದಲೇ ಯಾರಾದ್ರೂ ಹೇಳಬಾರದಿತ್ತಾ.

ಏಪ್ರಿಲ್ 20, ಸೋಮವಾರ

ಪಾಸು.

ಮೇಡಂ ಕೈ ಕುಲುಕಿದ್ರು. ರೋಲರ್ ಹತ್ರ ಹೆಂಗಸರು ಚಪ್ಪಾಳೆ ತಟ್ಟಿ, ಏನು ರೇಡಿಯೋ, ಒಂದು ಭಾಷಣ ಆಗಲಿ ಅಂದ್ರು. ರೇಡಿಯೋ ಅಂತಾನೇ ನನ್ನ ಹೆಸರು ಅಲ್ಲಿ. ನಿಂತೆ. ಎಲ್ಲ ಕಾಯ್ತಿದ್ರು. ಸ್ಟೀಮ್ ಬಿಡೋ ಹೊತ್ತಾಯ್ತು, ಬರ್ತೀನಿ ಅಂದೆ. ರೇಡಿಯೋ ಕೆಟ್ಟೋಗಿದೆ ಅಂತ ನಕ್ಕರು.

ದೊಡ್ಡಣ್ಣನಿಗೆ ಹೇಳ್ದೆ. ಗೊತ್ತಿತ್ತು ಅಂದ. ಹೆಂಗೆ ಅಂದೆ. ಪರೀಕ್ಷೆ ಮುಗಿಸ್ಕೊಂಡು ಬಂದೋನು ವಾರ ಕಳೆದ್ರೂ ಅದರ ಬಗ್ಗೆ ಒಂದು ಮಾತಾಡ್ಲಿಲ್ವಲ್ಲ ಅಂದ.

ಏಪ್ರಿಲ್ 30, ಗುರುವಾರ

ಅವನ ಕೊನೇ ದಿನ. ಬೆಳಗ್ಗೆ ಎಲ್ಲಾ ನಾನೇ ಮಾಡ್ಲಾ ಅಂದೆ. ಬೇಡ, ಇವತ್ತು ಮೊದಲಿನ ಥರ ಅಂತ ಹಿಂದಕ್ಕೆ ಹೋದ.

ಗಾಜಿನ ಮುಂದೆ ಕಾಲು ಅಗಲ ಮಾಡಿ ನಿಂತೆ. ಬಿಡಣ್ಣಾ ಅಂತ ಕೂಗ್ದೆ. ನೀರು ಇಳೀತು.

ಸಂಜೆ ಕೇಕು ತಿಂದು, ಮೇಡಂ ಕೊಟ್ಟ ಚೀಲ ತಗೊಂಡು ಹೊರಟ. ಬಸ್ ಸ್ಟಾಪಿನವರೆಗೂ ಜೊತೆಗೆ ಹೋದೆ. ದಾರಿ ಪೂರ್ತಿ ಅವನೇ ಮಾತಾಡ್ದ. ತಂಗಿ ಮನೆ ಪಕ್ಕ ಒಂದು ರೂಮು ನೋಡಿದಾನಂತೆ, ತುಂಬಾ ಸದ್ದಿಲ್ಲದ ಜಾಗವಂತೆ, ಅದೇ ಒಂದು ಯೋಚನೆ, ನಿದ್ದೆ ಬರುತ್ತೋ ಇಲ್ವೋ ಅಂದ. ಒಂದು ಬಸ್ ಬಿಟ್ವಿ. ಇನ್ನೊಂದೂ ಬಿಟ್ವಿ.

ಮೇ 5, ಮಂಗಳವಾರ

ಇನ್‌ಚಾರ್ಜ್ ಆದ ಮೊದಲನೇ ವಾರಾನೇ ಬೈಸ್ಕೊಂಡೆ. ಪದವಿ ಪಡೆದೋರಿಗೆ ಇದಕ್ಕಿಂತ ಜಾಸ್ತಿ ಟೈಮ್ ಹಿಡಿಯುತ್ತೇನೋ.

ಹೆಲ್ಪರ್ ಬಂದಿದಾಳೆ. ಬಟ್ಟೆ ಮಡಚೋ ಕಡೆ ಇದ್ದೋಳು, ಎಲ್ಲ ಗಟ್ಟಿಗಿತ್ತಿ ಅಂತ ಕರೀತಾರೆ. ನಲವತ್ತು ದಾಟಿರಬೇಕು, ಶಾಲೆ ಅರ್ಧಕ್ಕೇ ಬಿಟ್ಟಿದ್ದಂತೆ. ಅವಳೇ ಮೇಡಂ ಹತ್ರ ಹೋಗಿ, ರೇಡಿಯೋಗೆ ಸರ್ಟಿಫಿಕೇಟ್ ಸಿಗೋದಾದ್ರೆ ನನಗೆ ಯಾಕೆ ಸಿಗಲ್ಲ ಅಂತ ಕೇಳಿದ್ಲಂತೆ. ಮೇಡಂ ಅದನ್ನ ನನಗೇ ಹೇಳಿ ನಕ್ಕರು. ನಾನೂ ನಕ್ಕೆ, ಏನ್ಮಾಡೋದು.

ಬೆಳಗ್ಗೆ ಬಂದೋಳೇ ಸೆರಗು ಸಿಕ್ಕಿಸ್ಕೊಂಡು ನೇರವಾಗಿ ಗೋಡೆ ಸಂದೀಗೆ ಹೊರಟ್ಲು. ನೀವು ಮುಂದೆ ನಿಂತು ಕೂಗಿ, ನಾನು ತಿರುಗಿಸ್ತೀನಿ, ಅಷ್ಟೇ ತಾನೇ ಅಂದ್ಲು. ನನ್ನ ಬಿಡಣ್ಣಾ ಲಾಂಡ್ರೀಲಿ ಎಲ್ಲರೂ ಕೇಳಿಸ್ಕೊಂಡಿರೋದೇ. ಹೂಂ ಅಂದಿದ್ರೆ ಆಗಿರೋದು. ರೋಲರ್ ಶುರು ಆಗೋ ಹೊತ್ತಿಗೆ ಸ್ಟೀಮ್ ರೆಡಿ ಇರ್ತಿತ್ತು.

ಅಲ್ಲಿಗಲ್ಲ, ಇಲ್ಲಿ ಬಾ, ಗಾಜಿಂದ ಶುರು ಮಾಡು ಅಂದೆ.

ನೀರು ನೋಡು ಅಂದ್ರೆ ಎಷ್ಟಿರಬೇಕು ಅಂದ್ಲು. ಪಂಪ್ ನೋಡು ಅಂದ್ರೆ ಯಾಕೆ ಅಂದ್ಲು. ಬೆಂಕಿ ಹಚ್ಚೋ ಮೊದಲು ಗಾಳಿ ಹೊರಗೆ ಹಾಕೋದು ಮರೆತ್ಲು, ನಿಲ್ಲಿಸಿ ಮೊದಲಿಂದ ಮಾಡ್ಸಿದೆ. ಮತ್ತೆ ಮರೆತ್ಲು. ಮತ್ತೆ ಮೊದಲಿಂದ. ನನ್ನ ಕೈ ಎಷ್ಟು ತುರಿಸ್ತಿತ್ತು ಅಂದ್ರೆ ಎರಡನ್ನೂ ಬೆನ್ನ ಹಿಂದೆ ಕಟ್ಕೊಂಡೆ. ಹೇಳೋಕೆ ಕಥೆಗಳು ಬಾಯಿ ತುಂಬಾ ಇದ್ವು, ಅವಳು ವಾಲ್ವ್ ಎಣಿಸ್ತಿದ್ಲು, ತಪ್ಪಿ ಹೋಗುತ್ತೆ ಅಂತ ಸುಮ್ನಾದೆ.

ಅಷ್ಟರಲ್ಲಿ ಆಚೆ ರೋಲರ್ ಎಲ್ಲ ತಣ್ಣಗೆ ನಿಂತಿವೆ, ಆಸ್ಪತ್ರೆ ಶೀಟು ಒದ್ದೆ ಗುಡ್ಡ ಆಗಿದೆ, ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂತಂತೆ. ಮೇಡಂ ಬಾಗಿಲಿಗೆ ಬಂದ್ರು. ಅವಳು ಬೆವರು ಸುರಿಸ್ಕೊಂಡು ಬರ್ನರ್ ಮುಂದೆ ಕೂತಿದಾಳೆ, ನಾನು ಕೈ ಕಟ್ಕೊಂಡು ಗೋಡೆಗೆ ಒರಗಿದೀನಿ.

"ಏನ್ರೀ ಇದು, ನೀವು ಮಾಡಿದ್ರೆ ಅರ್ಧ ಗಂಟೇಲಿ ಆಗ್ತಿತ್ತಲ್ಲ" ಅಂದ್ರು.

ಅದು ನಿಜ. ಗಟ್ಟಿಗಿತ್ತಿ ತಿರುಗಿ ನನ್ನ ಮುಖ ನೋಡಿದ್ಲು, ಎದ್ದುಬಿಡ್ಲಾ ಅನ್ನೋ ಹಾಗೆ. ನಾನು ಬರ್ನರ್ ಕಡೆ ಕಣ್ಣು ತೋರ್ಸಿದೆ, ಮುಂದುವರಿಸು ಅಂತ.

ಸ್ಟೀಮ್ ಬರುತ್ತೆ ಮೇಡಂ, ಅಂದೆ.

ಬಂತು.